ಸಿಂಹದ ಹಿಂಗಾಲು

ಚೀನೀಯರ ಮದುವೆಗಳಲ್ಲಿ ಇಪ್ಪತ್ತೆಂಟು ವರ್ಷ ಸಿಂಹದ ವೇಷದಲ್ಲಿ ಕುಣಿದರೂ ಯಿಕ್ ಸಾಂಗ್‌ನ ಮುಖ ಕ್ವಾಲಾಲಂಪುರದ ಉತ್ತರಕ್ಕಿರುವ ಕಂಪಾರ್ ಪಟ್ಟಣದ ಒಂದೇ ಒಂದು ಮದುವೆ ಫೋಟೊದಲ್ಲೂ ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಸಿಂಹದ ತಲೆ ಹೊತ್ತು ಕಣ್ಣು ಮಿಟುಕಿಸಿ, ಕಿವಿ ಅಲ್ಲಾಡಿಸಿ, ಮಕ್ಕಳನ್ನು ಹೆದರಿಸಿ, ಕೊನೆಗೆ ತಲೆ ಕಳಚಿಟ್ಟು ಬೆವರೊರೆಸಿಕೊಳ್ಳುತ್ತ ಚಪ್ಪಾಳೆ ಗಿಟ್ಟಿಸುವವನು ಅವನ ಜೊತೆಗಾರ ತೊಂಗ್ ಹಿನ್. ಯಿಕ್ ಸಾಂಗ್ ಬಾಲದವನು. ಸೊಂಟ ಬಗ್ಗಿಸಿ, ಮುಂದಿನವನ ನಡುಪಟ್ಟಿ ಹಿಡಿದು, ಕೆಂಪು ಬಟ್ಟೆಯ ಕೆಳಗೆ ಬೇಯುವವನು. ಸಿಂಹ ಎದ್ದು ನಿಂತು ಶುಭವಾಗಲೆಂದು ಬಾಗಿಲ ಮೇಲೆ ಕಟ್ಟಿದ ಸೊಪ್ಪಿಗೆ ಬಾಯಿ ಹಾಕಿದಾಗ ಜನ ಹೋ ಎಂದು ಕೂಗುತ್ತಾರೆ. ಆ ಸಿಂಹವನ್ನು ಎತ್ತಿದ ಹೆಗಲು ಯಾರದ್ದೆಂದು ಈವರೆಗೆ ಒಬ್ಬ ಮದುಮಗನೂ ಕೇಳಿದ್ದಿಲ್ಲ.

"ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ ಅಂತ ಸ್ಕೂಲಲ್ಲಿ ಕೇಳಿದ್ರೆ, ಸಿಂಹದ ಕುಂಡಿ ಅಂತ ಹೇಳು" ಎಂದು ಹೆಂಡತಿ ಲಾಯ್ ಕ್ವಾನ್ ಒಂದು ಕಾಲದಲ್ಲಿ ಮಗಳಿಗೆ ಹೇಳಿಕೊಟ್ಟಿದ್ದಳು. ಮಗಳು ಸುಕ್ ಮುನ್ ಚಾಚೂ ತಪ್ಪದೆ ಹಾಗೇ ಹೇಳಿಬಂದಳು. ಟೀಚರು ಮನೆಗೆ ಚೀಟಿ ಕಳಿಸಿದರು. ತನ್ನ ಬೈಕ್ ರಿಪೇರಿ ಅಂಗಡಿಯಲ್ಲಿ ಕೂತು ಗ್ರೀಸಿನ ಕೈಯಲ್ಲೇ ಆ ಚೀಟಿ ಓದಿದ ಯಿಕ್ ಸಾಂಗ್‌ಗೆ ನಗು ತಡೆಯಲಾಗಲಿಲ್ಲ.

ಲಾಯ್ ಕ್ವಾನ್‌ಳ ಬಾಯಿ ಜೋರು, ಕೈ ಇನ್ನೂ ಜೋರು. ತಂಡದ ಸಿಂಹಗಳಿಗೆಲ್ಲ ಮೈಬಟ್ಟೆ ಹೊಲಿದವಳು ಅವಳೇ. ಹೊಸ ವರ್ಷದ ಹದಿನೈದು ದಿನ ಕುಣಿದ ಮೇಲೆ ಆ ಬಟ್ಟೆ ಹುಳಿನಾತ ಹೊಡೆಯುತ್ತಿತ್ತು. ಮೂಗು ಮುಚ್ಚಿಕೊಂಡು, ಗಂಡನನ್ನು ಬಯ್ದುಕೊಂಡು, ಅದನ್ನು ಒಗೆದು ಒಣಗಿಸಿ ಉದುರಿದ ಚಮ್ಕಿಯನ್ನೆಲ್ಲ ಮತ್ತೆ ಒಂದೊಂದಾಗಿ ಕೂರಿಸುತ್ತಿದ್ದಳು. ಅಂಥ ಹೆಂಗಸು ಐವತ್ತೆರಡನೇ ವಯಸ್ಸಿಗೆ ಹಳದಿಗೆ ತಿರುಗಿದಳು. ಸೂಜಿಗೆ ದಾರ ಪೋಣಿಸಲಾರದಾದಳು. ಇಪೊ ನಗರದ ಆಸ್ಪತ್ರೆಯಲ್ಲಿ ಲಿವರಿನ ಕ್ಯಾನ್ಸರ್ ಎಂದರು. ಡಾಕ್ಟರು ಯಿಕ್ ಸಾಂಗ್‌ನನ್ನು ಹೊರಗೆ ಕರೆದು, ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದರು. ಅವನು ತಲೆಯಾಡಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ, "ಡಾಕ್ಟ್ರು ಏನಂದ್ರು?" ಎಂದು ಕೇಳಿದರೆ, "ಉಪ್ಪು ಕಮ್ಮಿ ಮಾಡ್ಬೇಕಂತೆ" ಎಂದುಬಿಟ್ಟ.

ಆ ವಾರವೇ ತೊಂಗ್ ಹಿನ್‌ನ ತಾಯಿ ಅವನನ್ನು ಕರೆಸಿಕೊಂಡಳು. ಅವಳಿಗೆ ಎಂಬತ್ತಾರು. ಆ ಬೀದಿಯಲ್ಲಿ ಮಗುವಿಗೆ ಹೆಸರಿಡುವುದರಿಂದ ಹಿಡಿದು ಹೆಣ ಎತ್ತುವ ಹೊತ್ತಿನವರೆಗೆ ಅವಳದೇ ಮಾತು.

"ಇಷ್ಟು ವರ್ಷ ಕಂಡೋರ ಮನೆ ಬಾಗಿಲಲ್ಲೆಲ್ಲ ಕುಣಿದು ಅವರ ಪೀಡೆ ಓಡಿಸಿದ್ದೀಯ. ನಿನ್ನ ಮನೇಲಿ ಒಂದಿನ ಕುಣಿದಿದ್ದೀಯೇನೋ?" ಎಂದಳು ಮುದುಕಿ. "ಮಗಳಿಗೆ ನಿಶ್ಚಯ ಆಗಿದೆ ತಾನೇ? ಮುಂದಿನ ವರ್ಷದವರೆಗೆ ಯಾಕೆ ಕಾಯ್ತೀಯ? ಈ ತಿಂಗಳೇ ಮುಗಿಸು. ಸಿಂಹ ಲಾಯ್ ಕ್ವಾನ್ ಮಲಗೋ ಕೋಣೆಗೇ ನುಗ್ಗಲಿ. ಸಂತೋಷ ಕಂಡ್ರೆ ಕಾಯಿಲೆ ನಿಲ್ಲಲ್ಲ, ಓಡುತ್ತೆ. ನಾನು ಕಣ್ಣಾರೆ ಕಂಡಿದ್ದೀನಿ. ಆದ್ರೆ ಒಂದು ನೆನಪಿಟ್ಕೊ, ಸಂತೋಷ ಮನೆಯೋರದ್ದೇ ಆಗಿರ್ಬೇಕು. ಬಾಡಿಗೇದು ಆಗಲ್ಲ."

ನಗುವವರು ನಗಲಿ. ಆಸ್ಪತ್ರೆಯವರು ಕೈಬಿಟ್ಟ ಮೇಲೆ ಇಂಥ ಮಾತನ್ನು ತಳ್ಳಿಹಾಕುವ ಗಂಡಸನ್ನು ನಾನಂತೂ ಕಂಡಿಲ್ಲ. ಅದೂ ಅಲ್ಲದೆ ಯಿಕ್ ಸಾಂಗ್‌ಗೆ ಹೆಂಡತಿಗಾಗಿ ಮಾಡಲು ಬರುತ್ತಿದ್ದದ್ದು ಅದೊಂದೇ ಕೆಲಸ. ಹಾರಿಕೊಂಡೇ ಮನೆಗೆ ಬಂದ.

ಅಡುಗೆಮನೆಯಲ್ಲಿ ಸುಕ್ ಮುನ್ ತಾಯಿಗೆಂದು ಮೀನಿನ ಗಂಜಿಯಿಂದ ಮುಳ್ಳು ಆರಿಸುತ್ತಿದ್ದಳು. ಇಪ್ಪತ್ತೇಳರ ಹುಡುಗಿ. ಇಪೊದಲ್ಲಿ ಕನ್ನಡಕದ ಅಂಗಡಿಯಲ್ಲಿ ಕೆಲಸ. ಆರು ತಿಂಗಳ ಹಿಂದೆ ತೆಲುಕ್ ಇಂತಾನ್‌ನ ವಾಯ್ ಲೂನ್ ಎಂಬ ಹುಡುಗನ ಜೊತೆ ನಿಶ್ಚಯವಾಗಿತ್ತು. ಹಾರ್ಡ್‌ವೇರ್ ಅಂಗಡಿ ಇಟ್ಟವನು, ಮೆತ್ತಗಿನ ಮನುಷ್ಯ. ಅಪ್ಪ ಬಾಯಿ ತೆರೆಯುವ ಮುಂಚೆ ಮಗಳೇ ಬಾಯಿ ತೆರೆದಳು.

"ಪಾ, ಅಮ್ಮನಿಗೆ ಈಗಲೇ ಹೇಳ್ಬೇಡ. ನಾನು ಆ ಉಂಗುರ ವಾಪಸ್ ಕೊಟ್ಬಿಡ್ತೀನಿ."

"ಯಾಕೆ? ಏನಾದ್ರೂ ಮಾಡಿದ್ನಾ ಅವನು?"

"ಏನೂ ಮಾಡಿಲ್ಲ. ಒಳ್ಳೆಯವನೇ. ಅದೇ ಕಷ್ಟ ಆಗಿರೋದು." ಅವಳು ಬೆರಳಿಗಂಟಿದ ಮುಳ್ಳು ಒರೆಸಿದಳು. "ಸಾಮಾನು ತರೋಕೆ ಅಂತ ಅವನು ನಾಲ್ಕು ದಿನ ಕ್ವಾಲಾಲಂಪುರಕ್ಕೆ ಹೋಗ್ತಾನಲ್ಲ, ಆಗ ನಂಗೆ ಹಾಯಾಗುತ್ತೆ ಪಾ. ಫೋನ್ ಬಂದ್ರೆ ಅಯ್ಯೋ ಅನ್ಸುತ್ತೆ. ಹೋದ್ರೆ ಹಾಯಾಗೋ ಮನುಷ್ಯನ ಜೊತೆ ಜೀವನಪೂರ್ತಿ ಹೇಗಿರ್ಲಿ?"

ಬೇರೆ ದಿನವಾಗಿದ್ದರೆ ಯಿಕ್ ಸಾಂಗ್, "ಬೇಡದಿದ್ರೆ ಬೇಡ ಬಿಡು" ಎನ್ನುತ್ತಿದ್ದ. ಅವನು ಅಂಥ ಅಪ್ಪನೇ. ಆವತ್ತು ಎನ್ನಲಿಲ್ಲ. ಡಾಕ್ಟರು ಹೇಳಿದ್ದನ್ನು ಹೇಳಿದ. ಮುದುಕಿ ಹೇಳಿದ್ದನ್ನೂ ಹೇಳಿದ. ಹೇಳುತ್ತ ಹೇಳುತ್ತ ಗಂಜಿಯ ಪಾತ್ರೆ ಮುಂದಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತ. ತನ್ನ ತಾಯಿ ಸತ್ತಾಗಲೂ ಮಗಳೆದುರು ಅತ್ತವನಲ್ಲ.

ಸುಕ್ ಮುನ್ ಅವನನ್ನೇ ನೋಡಿದಳು. ಒಳಗಿನ ಕೋಣೆಯಿಂದ ತಾಯಿ ಕೆಮ್ಮಿದ್ದು ಕೇಳಿತು.

"ಆಯ್ತು ಪಾ" ಎಂದಳು. "ಅಳ್ಬೇಡ. ಈ ತಿಂಗಳೇ ಮಾಡ್ಕೊಳ್ತೀನಿ."

ಅಷ್ಟೇ. ಒಂದು ಹುಡುಗಿಯ ಜೀವನ ಮೀನಿನ ಮುಳ್ಳು ಆರಿಸುವಷ್ಟು ಹೊತ್ತಿನಲ್ಲಿ ತೀರ್ಮಾನವಾಯಿತು. ಯಿಕ್ ಸಾಂಗ್ ಆ ರಾತ್ರಿ ತಿಂಗಳ ಮೇಲೆ ಮೊದಲ ಬಾರಿಗೆ ಹೊಟ್ಟೆತುಂಬ ಉಂಡ.

ಮದುವೆಯ ದಿನ ಕೆಂಪು ಕಾಗದ ಅಂಟಿಸಿದ ಆ ಸಣ್ಣ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಿನ ಕಡೆಯವರು ಹುರಿದ ಹಂದಿ, ಕಿತ್ತಳೆ ಹಣ್ಣು ಹೊತ್ತು ಬಂದರು. ಬೆತ್ತದ ಕುರ್ಚಿಯಲ್ಲಿ ದಿಂಬು ಒತ್ತಿ ಲಾಯ್ ಕ್ವಾನ್‌ಳನ್ನು ಕೂರಿಸಿದ್ದರು. ಎರಡು ವರ್ಷದ ಹಿಂದೆ ಹೊಲಿದ ರವಿಕೆಯಲ್ಲಿ ಈಗ ಅಂಥವರು ಇಬ್ಬರು ಹಿಡಿಸುತ್ತಿದ್ದರು. ಗಂಡ ಹೆಂಡತಿ ಅಕ್ಕಪಕ್ಕ ಕೂತು, ಮೊಣಕಾಲೂರಿದ ಮದುಮಕ್ಕಳ ಕೈಯಿಂದ ಚಹಾ ತೆಗೆದುಕೊಂಡು ಕುಡಿದರು. ಲೋಟ ಕೆಳಗಿಟ್ಟವನೇ ಯಿಕ್ ಸಾಂಗ್ ಹೊಸ ಕೋಟು ಬಿಚ್ಚಿ ಹೊರಗೆ ಓಡಿದ.

"ನಿಂಗೇನ್ ತಲೆ ಕೆಟ್ಟಿದೆಯಾ?" ಎಂದ ತೊಂಗ್ ಹಿನ್, ಸಿಂಹದ ತಲೆ ಬಗಲಲ್ಲಿ ಹಿಡಿದು. "ಮದುವೆ ಮನೆ ಯಜಮಾನ ಬಾಲ ಹಿಡಿಯೋದು ಎಲ್ಲಾದ್ರೂ ಉಂಟಾ? ನನ್ನ ತಮ್ಮನ ಮಗ ಇದ್ದಾನೆ, ಅವನು ಹಿಡೀತಾನೆ. ನೀನು ಹೆಂಡ್ತಿ ಪಕ್ಕ ಕೂತ್ಕೊ."

"ಈ ಸಿಂಹ ಮದುವೆಗಲ್ಲ ಕಣೋ, ಅವಳಿಗೆ. ಇದನ್ನ ಬೇರೆಯವನ ಹೆಗಲಿಗೆ ಹಾಕಲ್ಲ."

"ಹೆಗಲು ಸರಿ, ಮಂಡಿ ನೆನಪಿದೆಯಾ? ಐವತ್ತಾರು ನಿಂಗೆ."

"ನಿನ್ನ ಹೊಟ್ಟೆ ಇಳಿಸು, ನನ್ನ ಮಂಡಿ ತಾನೇ ಸರಿಹೋಗುತ್ತೆ."

ತೊಂಗ್ ಹಿನ್ ಉಗಿದು ತಲೆ ಹೊತ್ತ. ಡೋಲು ಶುರುವಾಯಿತು, ತಾಳ ಬಿತ್ತು. ಸಿಂಹ ಹೊಸ್ತಿಲಿಗೆ ಮೂರು ಸಲ ಬಾಗಿ ಒಳಗೆ ನುಗ್ಗಿತು. ಅಜ್ಜಿಯರು ಕಿವಿ ಮುಚ್ಚಿಕೊಂಡರು, ಮಕ್ಕಳು ಕಿರುಚಿದವು. "ನನ್ನ ಹೊದಿಕೆ ತಿನ್ನದಿದ್ರೆ ಸಾಕು!" ಎಂದು ಲಾಯ್ ಕ್ವಾನ್ ಕೂಗಿದ್ದು ಬಟ್ಟೆಯೊಳಗಿದ್ದವನಿಗೂ ಕೇಳಿತು. ಅವಳ ಗಂಟಲಿನಿಂದ ಅಷ್ಟು ದೊಡ್ಡ ದನಿ ಹೊರಟು ಎಷ್ಟು ದಿನವಾಗಿತ್ತು! ಯಿಕ್ ಸಾಂಗ್‌ನ ಮೈಯಲ್ಲಿ ಹೊಸ ರಕ್ತ ಹರಿದಂತಾಯಿತು.

ಬಾಲದವನಿಗೆ ಏನೂ ಕಾಣುವುದಿಲ್ಲವೆಂದು ಜನ ತಿಳಿದಿದ್ದಾರೆ. ಕಾಣುತ್ತದೆ. ಬಟ್ಟೆಯ ಅಂಚಿನ ಕೆಳಗೆ ಒಂದು ಗೇಣು ಜಾಗವಿರುತ್ತದೆ, ಅದರಲ್ಲಿ ಕಾಲುಗಳು ಕಾಣುತ್ತವೆ. ಇಪ್ಪತ್ತೆಂಟು ವರ್ಷದಲ್ಲಿ ಯಿಕ್ ಸಾಂಗ್ ಸಾವಿರ ಮದುವಣಗಿತ್ತಿಯರ ಕಾಲು ಕಂಡಿದ್ದ, ಮುಖ ಒಂದೂ ಕಂಡಿರಲಿಲ್ಲ. ಯಾವ ಮದುವೆ ಮನಸ್ಸಿಟ್ಟು ಆದದ್ದು, ಯಾವುದು ತಲೆ ತಗ್ಗಿಸಿ ಆದದ್ದು ಎಂದು ಅವನಿಗೆ ಕಾಲು ನೋಡಿದರೆ ಗೊತ್ತಾಗುತ್ತಿತ್ತು. ಹಿಗ್ಗಿದ ಹುಡುಗಿಯ ಹಿಮ್ಮಡಿ ಅವಳಿಗೇ ಗೊತ್ತಿಲ್ಲದೆ ಡೋಲಿಗೆ ತಾಳ ಹಾಕುತ್ತದೆ. ಹೆದರಿದ ಹುಡುಗಿಯ ಕಾಲೂ ಗಂಡನ ಕಾಲಿನ ಪಕ್ಕಕ್ಕೆ ಸರಿಯುತ್ತದೆ. ಮನೆಗೆ ಬಂದು ಅವನು ಇದನ್ನೆಲ್ಲ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ಅವಳು, "ನಾಚಿಕೆ ಇಲ್ವಾ, ಹೆಣ್ಮಕ್ಕಳ ಕಾಲು ನೋಡ್ಕೊಂಡು ಬರ್ತೀಯ" ಎಂದು ಗುದ್ದುತ್ತಿದ್ದಳು.

ಸಿಂಹ ನಡುಮನೆಯಲ್ಲಿ ಒಂದು ಸುತ್ತು ಹಾಕಿತು. ಹೊಸ ಕಪ್ಪು ಬೂಟು ಕಂಡವು. ವಾಯ್ ಲೂನ್‌ನವು. ಪಾಪ, ತಾಳ ತಪ್ಪದೆ ಕುಣಿಯುತ್ತಿದ್ದವು. ಅವುಗಳ ಪಕ್ಕದಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಸುತ್ತು ಬರುವಾಗ ಕೆಂಪು ಚಪ್ಪಲಿ ಕಂಡವು. ಎಲ್ಲರಿಂದ ದೂರ, ಬೀದಿ ಬಾಗಿಲ ಹತ್ತಿರ. ಹಿಮ್ಮಡಿ ಮನೆಯೊಳಕ್ಕೆ, ಬೆರಳು ಬೀದಿಗೆ. ಡೋಲು ಕಿವಿ ಕಿತ್ತುಹೋಗುವ ಹಾಗೆ ಬಡಿಯುತ್ತಿದ್ದರೂ ಆ ಕಾಲುಗಳು ಕೊಂಚವೂ ಅಲುಗಲಿಲ್ಲ. ಹುಟ್ಟಿದಂದಿನಿಂದ ಕಂಡ ಕಾಲುಗಳು ಅವು. ನಡೆಯಲು ಕಲಿಸಿದವನೂ ಅವನೇ.

ಮನೆಯವರದ್ದೇ ಸಂತೋಷ ಆಗಿರಬೇಕು ಎಂದಿದ್ದಳು ಮುದುಕಿ. ಈ ಮನೆಯಲ್ಲಿ ಅದೆಲ್ಲಿದೆ? ಅದೇ ಇಲ್ಲದ ಮೇಲೆ ಕಾಯಿಲೆ ಯಾವುದನ್ನು ಕಂಡು ಓಡಬೇಕು? ಹೆಂಡತಿಯೂ ಉಳಿಯುವುದಿಲ್ಲ, ಮಗಳ ಬಾಳೂ ಹಸನಾಗುವುದಿಲ್ಲ ಎಂದು ಆ ಬಟ್ಟೆಯ ಕತ್ತಲಲ್ಲಿ ಅವನಿಗೆ ಒಂದೇ ಕ್ಷಣಕ್ಕೆ ಹೊಳೆಯಿತು.

ಬಾಲದವನು ಸೋತರೆ, ಕಾಲು ಉಳುಕಿದರೆ, ಮುಂದಿನವನ ನಡುಪಟ್ಟಿಯನ್ನು ಎರಡು ಸಲ ಎಳೆಯಬೇಕು. ಸಿಂಹ ಅಲ್ಲೇ ಕೂರುತ್ತದೆ, ಡೋಲು ನಿಲ್ಲುತ್ತದೆ. ಅವನ ಬೆರಳು ಪಟ್ಟಿಯ ಮೇಲೆ ಬಿಗಿಯಾದವು. ಒಂದು ಸಲ ಎಳೆದ. ತೊಂಗ್ ಹಿನ್ ನಿಂತು, ಎರಡನೆಯದಕ್ಕೆ ಕಾದ.

ಆಗ ಲಾಯ್ ಕ್ವಾನ್ ನಕ್ಕಳು. ಅವಳನ್ನು ಇಬ್ಬರು ಹೆಂಗಸರು ಹಿಡಿದು ಕೋಣೆಯ ಮಂಚಕ್ಕೆ ಕರೆದೊಯ್ದಿದ್ದರು. ಅಲ್ಲಿಂದಲೇ, "ಏ ಬಾಲದಯ್ಯ, ಒಳಗೆ ಬರ್ತೀಯೋ ಇಲ್ಲ ಸುಸ್ತಾಯ್ತೋ?" ಎಂದು ಕೂಗಿದಳು. ಇಡೀ ಮನೆ ಗೊಳ್ಳೆಂದಿತು.

ಯಿಕ್ ಸಾಂಗ್ ಎರಡನೆಯ ಸಲ ಎಳೆಯಲಿಲ್ಲ. ಕೋಣೆಯ ಬಾಗಿಲಿಗೆ ನುಗ್ಗಿ ತೊಂಗ್ ಹಿನ್‌ನನ್ನು ಎತ್ತಿ ಹೆಗಲ ಮೇಲೆ ನಿಲ್ಲಿಸಿದ. ಮಂಡಿಯಲ್ಲಿ ಏನೋ ಚಟ್ಟೆಂದಿತು, ಅವನು ಹಲ್ಲು ಕಚ್ಚಿದ. ಸಿಂಹ ಬಾಗಿಲ ಮೇಲಿನ ಸೊಪ್ಪು ಕಿತ್ತು, ಅಗಿದು, ಮಂಚದ ಮೇಲೆಲ್ಲ ಚೆಲ್ಲಿತು. ತಲೆಗೂದಲಲ್ಲಿ ಒಂದು ಹಸಿರೆಲೆ ಸಿಕ್ಕಿಸಿಕೊಂಡು ಲಾಯ್ ಕ್ವಾನ್ ನಗುತ್ತಲೇ ಇದ್ದಳು. ಹೊರಗೆ ಪಟಾಕಿ ಸಿಡಿದವು. ಹೊಗೆ ಇಳಿಯುವ ಹೊತ್ತಿಗೆ ಮದುಮಕ್ಕಳ ಕಾರು ಹೊರಟಾಗಿತ್ತು.

ಮೊದಲ ಒಂಬತ್ತು ದಿನ ನಂಬುವವರಿಗೆ ಹಬ್ಬ. ಲಾಯ್ ಕ್ವಾನ್ ಎರಡು ಬಟ್ಟಲು ಗಂಜಿ ಕುಡಿದಳು. ಗೋಡೆ ಹಿಡಿದು ಹೊರಗೆ ಬಂದು ಎದುರು ಮನೆಯವಳ ಜೊತೆ ಜಗಳವಾಡಿದಳು. ಯಿಕ್ ಸಾಂಗ್ ಕಾಫಿ ಅಂಗಡಿಯಲ್ಲಿ, "ಡಾಕ್ಟ್ರಿಗೇನ್ ಗೊತ್ತು ಕರ್ಮ" ಎಂದು ಎಲ್ಲರಿಗೂ ಕಾಫಿ ಕುಡಿಸಿದ. ಕೆಂಪು ಚಪ್ಪಲಿಯ ನೆನಪು ಬಂದರೆ ಅದನ್ನು ಒಳಗೇ ಅದುಮಿದ. ಮದುವೆಯಾದ ಹೊಸದರಲ್ಲಿ ಎಲ್ಲರೂ ಹಾಗೇ, ಹೊಂದಿಕೊಳ್ಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ.

ಹತ್ತನೆಯ ದಿನ ಮಧ್ಯಾಹ್ನ ಅವನು ಹೆಂಡತಿಯ ಕಾಲು ಒತ್ತುತ್ತಿದ್ದ.

"ಮುನ್ ಯಾಕೆ ಆವತ್ತು ಹಾಗಿದ್ಲು?" ಎಂದಳು ಅವಳು.

"ಹೇಗಿದ್ಲು?"

"ಬಸ್ಸಿಗೆ ಕಾಯೋರ ಥರ."

"ತವರು ಬಿಡೋ ಸಂಕಟ ಇರಲ್ವೇನೇ?"

"ನಾನೂ ತವರು ಬಿಟ್ಟು ಬಂದೋಳೇ. ಅದು ಹಾಗಿರಲ್ಲ." ಮತ್ತೆ ಕೇಳಿದಳು, "ನೀನು ನೋಡ್ಲಿಲ್ವಾ?"

"ನಾನು ಬಟ್ಟೆ ಒಳಗಿದ್ನಲ್ಲ."

ಸಾವಿರ ಹುಡುಗಿಯರ ಕಾಲಿನ ಸುದ್ದಿ ಕೇಳಿಸಿಕೊಂಡ ಹೆಂಗಸು ಅವಳು. ಗಂಡನ ಮುಖವನ್ನೇ ನೋಡಿದಳು. "ಹೌದಲ್ಲ, ನೀನು ಬಾಲ" ಎಂದು ಗೋಡೆ ಕಡೆ ಹೊರಳಿದಳು. ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ಅವನಿಗೆ ತಿಳಿಯಲಿಲ್ಲ. ಇನ್ನು ತಿಳಿಯುವುದೂ ಇಲ್ಲ. ಹತ್ತೊಂಬತ್ತನೆಯ ದಿನ ಬೆಳಗ್ಗೆ ಅವಳು ತೀರಿಕೊಂಡಳು.

ನೂರು ದಿನ ಸೂತಕ. ಸಾವಿನ ಮನೆಯವನು ಶುಭಕಾರ್ಯದ ಹೊಸ್ತಿಲು ತುಳಿಯುವ ಹಾಗಿಲ್ಲ, ಸಿಂಹವನ್ನಂತೂ ಮುಟ್ಟುವ ಹಾಗೇ ಇಲ್ಲ. ಯಿಕ್ ಸಾಂಗ್ ತೋಳಿಗೆ ಸೂತಕದ ಬಟ್ಟೆತುಂಡು ಚುಚ್ಚಿಕೊಂಡು ಅಂಗಡಿಯಲ್ಲಿ ಬಿಚ್ಚಿದ ಇಂಜಿನ್ನುಗಳನ್ನೇ ಮತ್ತೆ ಬಿಚ್ಚುತ್ತ ಜೋಡಿಸುತ್ತ ಕೂತ. ಸುಕ್ ಮುನ್ ಪ್ರತಿ ಭಾನುವಾರ ಬರುತ್ತಿದ್ದಳು. ಅಪ್ಪನ ಬಟ್ಟೆ ಒಗೆದು, ವಾರಕ್ಕಾಗುವಷ್ಟು ಅಡುಗೆ ಮಾಡಿ ಡಬ್ಬಿಗಳಲ್ಲಿ ತುಂಬಿಟ್ಟು, ಅವನನ್ನು ಗದರಿ ಸಂಜೆಗೆ ಹೋಗುತ್ತಿದ್ದಳು. ಗಂಡನ ಬಗ್ಗೆ ಒಂದು ಮಾತೂ ಇಲ್ಲ. ಕೇಳಿದರೆ, "ಚೆನ್ನಾಗಿದ್ದಾನೆ ಪಾ" ಎನ್ನುತ್ತಿದ್ದಳು. ಅವಳು ಸೊರಗಿದ್ದು ಕುರುಡನಿಗೂ ಕಾಣುವಂತಿತ್ತು. ತನ್ನ ಮೇಲೆ ಅವಳಿಗೆ ಚೂರೂ ಸಿಟ್ಟಿಲ್ಲದ್ದು ಯಿಕ್ ಸಾಂಗ್‌ಗೆ ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು.

ನೂರನೆಯ ದಿನ ಪೂಜೆಯವರು ಬಂದರು. ಪರಲೋಕದಲ್ಲಿ ಲಾಯ್ ಕ್ವಾನ್‌ಗೆ ಸಿಗಲೆಂದು ಕಾಗದದ ಮನೆ, ಕಾಗದದ ಉಡುಪು, ಕಾಗದದ ಒಂದು ಹೊಲಿಗೆ ಯಂತ್ರ ಸುಟ್ಟರು. ಅದೇ ಬೆಂಕಿಗೆ ಅಪ್ಪ ಮಗಳು ತೋಳಿನ ಬಟ್ಟೆತುಂಡು ಕಿತ್ತು ಹಾಕಿದರು. ಸೂತಕ ಕಳೆಯಿತು. "ನಾಡಿದ್ದು ಗೊಪೆಂಗ್‌ನಲ್ಲಿ ಮದುವೆ ಇದೆ, ಬಾ. ನನ್ನ ತಮ್ಮನ ಮಗ ಹೆಗಲು ಕೊಟ್ರೆ ನಂಗೆ ಜೀವ ಬಾಯಿಗೆ ಬರುತ್ತೆ" ಎಂದು ತೊಂಗ್ ಹಿನ್ ಬೆನ್ನು ತಟ್ಟಿ ಹೋದ. ವಾಯ್ ಲೂನ್ ಕಾರು ತಿರುಗಿಸಲು ಹೊರಗೆ ಹೋದ. ಅಡುಗೆಮನೆಯಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು.

"ಪಾ, ಒಂದು ಕೇಳ್ಲಾ? ಅಮ್ಮನಿಗೆ ಆ ಹತ್ತೊಂಬತ್ತು ದಿನ ಸಿಕ್ಕಿದ್ದು ನನ್ನ ಮದುವೆಯಿಂದ ತಾನೇ?"

ಹೌದು ಎಂದುಬಿಟ್ಟಿದ್ದರೆ ಆಗುತ್ತಿತ್ತು. ಅವನು ತೊಳೆದ ಲೋಟವನ್ನೇ ಮತ್ತೆ ತೊಳೆದ. ಅವಳೇ ಅವನಿಗೆ ಸಮಾಧಾನ ಹೇಳಿದಳು.

"ಹೋಗ್ಲಿ ಬಿಡು, ನಿನ್ನ ಯಾಕೆ ಕೇಳ್ಬೇಕು ನಾನು. ಆವತ್ತು ನೀನು ಬಟ್ಟೆ ಒಳಗಿದ್ದೆ, ನನ್ನ ಮುಖಾನೂ ನೋಡ್ಲಿಲ್ಲ. ನಿಂಗೇನ್ ಗೊತ್ತಾಗ್ಬೇಕು ಪಾಪ."

ಆ 'ಪಾಪ' ಅವನಿಗೆ ತಡೆಯಲಾಗಲಿಲ್ಲ. ಹೆಂಡತಿಗೆ ಹೇಳಿದ ಸುಳ್ಳು ಅವಳ ಜೊತೆ ಮಣ್ಣಿಗೆ ಹೋಗಿತ್ತು. ಇದೂ ಉಳಿದರೆ ತಾನು ಸತ್ತೇಹೋಗುತ್ತೇನೆ ಎನ್ನಿಸಿತು. ನಿಜ ಹೇಳಿದರೆ ಮಗಳು ಬಯ್ಯುತ್ತಾಳೆ, ಅಳುತ್ತಾಳೆ, ಇಬ್ಬರೂ ಸೇರಿ ಏನಾದರೂ ದಾರಿ ಹುಡುಕಬಹುದು ಎಂದುಕೊಂಡ.

"ನಾನು ನೋಡಿದ್ದೆ, ಮುನ್."

"ಏನ್ ನೋಡಿದ್ದೆ?"

"ನಿನ್ನ ಕಾಲು. ಬಾಗಿಲ ಕಡೆ ತಿರುಗಿದ್ದು. ಅಷ್ಟು ಸಾಕಿತ್ತು ನಂಗೆ, ಎಲ್ಲಾ ಗೊತ್ತಾಯ್ತು. ಡೋಲು ನಿಲ್ಸೋಕೆ ಪಟ್ಟಿ ಒಂದ್ಸಲ ಎಳೆದೂ ಇದ್ದೆ. ಇನ್ನೊಂದ್ಸಲ ಎಳೀಬೇಕಿತ್ತು. ಅಷ್ಟರಲ್ಲಿ ಅವಳು ನಕ್ಕಳು. ಎಳೆಯೋಕಾಗ್ಲಿಲ್ಲ ಮಗಳೇ. ಈಗ್ಲಾದ್ರೂ ನೀನು ಬೇಡ ಅಂದ್ರೆ ವಾಪಸ್ ಬಾ. ಊರೋರು ಏನಂದ್ರೂ ನಾನಿದೀನಿ."

ಸುಕ್ ಮುನ್ ಬಯ್ಯಲಿಲ್ಲ, ಅಳಲೂ ಇಲ್ಲ. ಕೈಯಲ್ಲಿದ್ದ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಹಾಕಿದಳು.

"ಎಲ್ರೂ ನೋಡಿದ್ರು ಪಾ" ಎಂದಳು ಕೊನೆಗೆ. "ಅಮ್ಮ ನೋಡಿದ್ಲು, ನಂಗೊತ್ತು. ವಾಯ್ ಲೂನೂ ನೋಡಿರ್ತಾನೆ. ನೀನೊಬ್ಬ ನೋಡ್ಲಿಲ್ಲ ಅಂದ್ಕೊಂಡಿದ್ದೆ. ನೀನು ಅಡುಗೆಮನೇಲಿ ಅತ್ತಿದ್ದು ಭಯಕ್ಕೆ, ಆದ್ರೆ ಮದುವೆ ದಿನ ನನ್ನ ನೋಡಿದ್ದಿದ್ರೆ ನಮ್ಮಪ್ಪ ಬಿಡ್ತಾನೇ ಇರ್ಲಿಲ್ಲ, ಎಲ್ಲಾ ನಿಲ್ಲಿಸಿಬಿಡ್ತಿದ್ದ ಅಂತ. ಅದೊಂದನ್ನೇ ಹೇಳ್ಕೊಂಡು ಇಷ್ಟು ದಿನ ಆ ಮನೇಲಿ ಇದ್ದೆ ನಾನು."

ಹೊರಗೆ ಕಾರು ಒಂದು ಸಲ ಮೆತ್ತಗೆ ಹಾರ್ನ್ ಮಾಡಿತು.

"ಮುನ್…"

"ಗಂಜಿ ಒಲೆ ಮೇಲಿದೆ. ಬಿಸಿ ಮಾಡ್ಕೊಂಡು ತಿನ್ನಿ."

ಹುಟ್ಟಿದಂದಿನಿಂದ ಅಪ್ಪನನ್ನು 'ನೀನು' ಎಂದವಳು ಅವಳು. ಪರಸ್ಥಳದ ಹಿರಿಯರಿಗೆ ಹೇಳುವಂತೆ ಹೇಳಿ, ತಲೆಬಾಗಿ, ಹೊರಟಳು. ಯಿಕ್ ಸಾಂಗ್ ಕುಂಟುತ್ತ ಗೇಟಿನವರೆಗೆ ಬಂದ. ತಾಯಿ ಹೋದ ಮೇಲೆ ಆ ಹುಡುಗಿಗೆ ಉಳಿದಿದ್ದದ್ದು ಒಬ್ಬ ಅಪ್ಪ. ತನ್ನ ಎದೆ ಹಗುರ ಮಾಡಿಕೊಳ್ಳಲು ಹೋಗಿ ಅವನನ್ನೂ ತಾನೇ ಕಿತ್ತುಕೊಂಡೆ ಎಂದು ಅವನಿಗೆ ಆಗ ಅರ್ಥವಾಯಿತು. ಪ್ರತಿ ಭಾನುವಾರ ಕಾರು ಮೂಲೆಯಲ್ಲಿ ತಿರುಗುವಾಗ ಅವಳು ಗಾಜು ಇಳಿಸಿ ಕೈಬೀಸುತ್ತಿದ್ದಳು. ಅವನು ಕಾದ. ಕಾರು ತಿರುಗಿತು, ಗಾಜು ಇಳಿಯಲಿಲ್ಲ.